ಡ್ರ್ಯಾಗ್ ರೇಸ್‌ಗೆ ಪಿಕಪ್: ಟೇಲ್‌ಗೇಟ್ ಎತ್ತೋದಾ, ಕಳಚೋದಾ, ಬೆಡ್‌ಗೆ ಕವರ್ ಹಾಕೋದಾ?

ಪಿಕಪ್ ತಗೊಂಡು ಡ್ರ್ಯಾಗ್ ಸ್ಟ್ರಿಪ್‌ಗೆ, ಅಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ರೇಸ್‌ನ ಟ್ರ್ಯಾಕ್‌ಗೆ, ಹೋಗುವವರ ತಲೆಯಲ್ಲಿ ಓಡುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಟೇಲ್‌ಗೇಟ್, ಅಂದರೆ ಹಿಂದಿನ ಬಾಗಿಲು, ಮೇಲಿರಬೇಕಾ, ಕೆಳಗಿಳಿಸಬೇಕಾ? ಪೂರ್ತಿ ಕಳಚಿ ಮನೆಯಲ್ಲೇ ಇಟ್ಟು ಹೋದರೆ ಹೇಗೆ? ಸಾಮಾನು ಹಾಕುವ ಬೆಡ್‌ಗೆ ಮೇಲಿಂದ ಮುಚ್ಚುವ ಟಾನೋ ಕವರ್ ಹಾಕಿಸಿದರೆ ಏನಾದರೂ ಸಿಗುತ್ತಾ? ಕೇಳಿದ ಕಡೆಯೆಲ್ಲ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉಲ್ಟಾ ಹೇಳುತ್ತಾರೆ. ಇಬ್ಬರ ಮಾತಲ್ಲೂ ಸ್ವಲ್ಪ ನಿಜ ಇರುತ್ತದೆ. ಅದಕ್ಕೇ ಗೊಂದಲ ಜಾಸ್ತಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗಾಳಿಯನ್ನು ತೂಕದಿಂದ ಬೇರೆ ಮಾಡಿ ನೋಡಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಗಾಳಿಯ ತಡೆ ಕಡಿಮೆ ಮಾಡುವ ಪ್ರತಿ ವಸ್ತುವಿಗೂ ತೂಕವಿದೆ. ಡ್ರ್ಯಾಗ್ ರೇಸ್‌ನಲ್ಲಿ ಆ ತೂಕವನ್ನು ಗೆರೆಯಿಂದ ಗೆರೆಯವರೆಗೆ ಹೊತ್ತುಕೊಂಡೇ ಓಡಬೇಕು. ಗಾಳಿಯ ಲಾಭ ಮಾತ್ರ ಕೊನೆಕೊನೆಗೆ ಬರುತ್ತದೆ.

ಗಾಳಿ ಯಾವಾಗ ಲೆಕ್ಕಕ್ಕೆ ಬರುತ್ತದೆ

ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಆ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ಅಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು, ಅದಕ್ಕೆ ಸುರಿಯಬೇಕಾದ ಅಶ್ವಶಕ್ತಿ ಎಂಟು ಪಟ್ಟು.

ಒಂದು ಮಾಮೂಲಿ ದೊಡ್ಡ ಪಿಕಪ್ ಇಟ್ಟುಕೊಳ್ಳೋಣ. ಸಿಡಿ ಎಂದು ಕರೆಯುವ ತಡೆಯ ಅಂಕೆ 0.45, ಎದುರಿನಿಂದ ಕಾಣುವ ವಿಸ್ತೀರ್ಣ 3.2 ಚದರ ಮೀಟರ್. ಸಮುದ್ರ ಮಟ್ಟದ ಗಾಳಿಯಲ್ಲಿ ಈ ಟ್ರಕ್ ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಳಿಗಾಗಿ ಕಳೆದುಕೊಳ್ಳುವುದು ಬರೀ 5–6 ಅಶ್ವಶಕ್ತಿ. 100 ಕಿ.ಮೀ.ಗೆ ಸುಮಾರು 25. 160ಕ್ಕೆ 100 ದಾಟುತ್ತದೆ. 200 ಮುಟ್ಟಿದಾಗ ಸುಮಾರು 200 ಅಶ್ವಶಕ್ತಿ ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ.

14 ಸೆಕೆಂಡಿನಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್ ಮುಗಿಸುವ ಟ್ರಕ್ ಮೊದಲ ಅರ್ಧಕ್ಕೆ ಸುಮಾರು 9 ಸೆಕೆಂಡ್ ತಗೊಳ್ಳುತ್ತದೆ. ಎರಡನೇ ಅರ್ಧಕ್ಕೆ 5 ಸೆಕೆಂಡ್ ಸಾಕು. ಗಾಳಿ ಜೋರಾಗಿ ಹಿಂದಕ್ಕೆ ತಳ್ಳುವುದು ಆ 5 ಸೆಕೆಂಡಿನಲ್ಲಿ. ತೂಕ ಹಾಗಲ್ಲ, ಪೂರ್ತಿ 14 ಸೆಕೆಂಡೂ ಹಿಂದಕ್ಕೆ ಜಗ್ಗುತ್ತಲೇ ಇರುತ್ತದೆ.

ಒಂದು ಅಳತೆಗೋಲು

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಎಂಜಿನ್ ಶಕ್ತಿ ಹೆಚ್ಚುಕಡಿಮೆ ಒಂದೇ ಸಮ ಸಿಗುತ್ತದೆ ಎಂದು ಹಿಡಿದು, ಮೇಲಿನ ಟ್ರಕ್‌ನ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿದೆ. ಬಂದ ಉತ್ತರ ಇದು: ಕಾಲು ಮೈಲಿ ಓಟದ ಸಮಯದಲ್ಲಿ ಶೇ 1ರಷ್ಟು ಗಾಳಿಯ ತಡೆ ಸುಮಾರು 2.5 ಕೆಜಿ ತೂಕಕ್ಕೆ ಸಮ.

ಈ ಲೆಕ್ಕದಲ್ಲಿ ನನಗೆ ತುಂಬ ಹಿಡಿಸಿದ್ದು ಇನ್ನೊಂದು ಸಂಗತಿ. ಟ್ರಕ್ ಎಷ್ಟು ಭಾರ, ಎಂಜಿನ್ ಎಷ್ಟು ಬಲದ್ದು ಎಂಬುದು ಈ 2.5 ಕೆಜಿಯನ್ನು ಹೆಚ್ಚು ಬದಲಿಸುವುದಿಲ್ಲ. ಬದಲಿಸುವುದು ಎರಡೇ. ಒಂದು, ಟ್ರಕ್‌ನ ಎದುರು ಗಾತ್ರ ಮತ್ತು ಸಿಡಿ. ಎರಡು, ಓಟದ ಉದ್ದ. ಎಂಟನೇ ಒಂದು ಮೈಲಿ ಓಟವಾದರೆ ಶೇ 1 ಅಂದರೆ 1.25 ಕೆಜಿ. ಅರ್ಧ ಮೈಲಿಯಾದರೆ 5 ಕೆಜಿ. ಪೂರ್ತಿ ಒಂದು ಮೈಲಿಗೆ 10 ಕೆಜಿ. ಚಿಕ್ಕ, ತಗ್ಗಾದ ಪಿಕಪ್ ಆದರೆ ಈ ಎಲ್ಲ ಅಂಕಿಗಳನ್ನೂ ಮೂರನೇ ಒಂದರಷ್ಟು ಇಳಿಸಿಕೊಳ್ಳಿ.

ಇದು ಓಟದ ಸಮಯದ ಮಾತು. ಗೆರೆ ದಾಟುವಾಗಿನ ವೇಗಕ್ಕೆ, ಅಂದರೆ ಟ್ರ್ಯಾಪ್ ಸ್ಪೀಡ್‌ಗೆ, ಲೆಕ್ಕ ಬೇರೆ. ಅಲ್ಲಿ ಕಾಲು ಮೈಲಿಯಲ್ಲಿ ಶೇ 1 ತಡೆ ಸುಮಾರು 6.5 ಕೆಜಿಗೆ ಸಮ. ಲಾಭ ಕೊನೆಯಲ್ಲಿ ಬರುವುದರಿಂದ ವೇಗದಲ್ಲಿ ಎದ್ದು ಕಾಣುತ್ತದೆ, ಸಮಯದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಕವರ್ ಹಾಕಿಸಿದವರು "ಸ್ಪೀಡ್ ಜಾಸ್ತಿ ಆಯ್ತು, ಟೈಮ್ ಮಾತ್ರ ಅಲ್ಲೇ ಇದೆ" ಎನ್ನುತ್ತಾರಲ್ಲ, ಅದರ ಗುಟ್ಟು ಇದೇ.

ತಡೆ ಶೇ 5 ಇಳಿದು ತೂಕ ಒಂದಿಷ್ಟೂ ಏರದಿದ್ದರೆ, 2,300 ಕೆಜಿಯ 14 ಸೆಕೆಂಡಿನ ಟ್ರಕ್‌ಗೆ ಸಿಗುವುದು ಸುಮಾರು 0.025 ಸೆಕೆಂಡ್. ಗೆರೆಯ ಹತ್ತಿರ ಅದು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ. ಅದೇ ಟ್ರಕ್‌ಗೆ 30 ಕೆಜಿ ಸೇರಿಸಿದರೆ ಸುಮಾರು 0.06 ಸೆಕೆಂಡ್ ಹೋಗುತ್ತದೆ. 100 ಪೌಂಡ್ ಇಳಿಸಿದರೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಸಿಗುತ್ತದೆ ಎಂಬ ಡ್ರ್ಯಾಗ್ ರೇಸರ್‌ಗಳ ಹಳೆಯ ಮಾತಿಗೂ ಇದು ಹೊಂದುತ್ತದೆ.

ಇದರ ಜೊತೆಗೆ ಇನ್ನೂ ಮೂರು ವಿಷಯ ನೋಡಬೇಕು. ಮೊದಲನೆಯದು ಗ್ರಿಪ್. ಖಾಲಿ ಪಿಕಪ್‌ನ ಹಿಂಭಾಗ ಹಗುರ. ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಟ್ರಕ್‌ನಲ್ಲಿ ಲಾಂಚ್ ಸಮಯಕ್ಕೆ, ಅಂದರೆ ಗೆರೆಯಿಂದ ಹೊರಡುವಾಗ, ಟೈರ್ ನಿಂತಲ್ಲೇ ಸುತ್ತುವುದು ದೊಡ್ಡ ತಲೆನೋವು. ಎರಡನೆಯದು ಹೆಚ್ಚಿನ ವೇಗದಲ್ಲಿ ಟ್ರಕ್ ನೆಟ್ಟಗೆ ಹೋಗುತ್ತದೋ ಇಲ್ಲವೋ ಎಂಬುದು. ಮೂರನೆಯದು ಖರ್ಚು ಮತ್ತು ದಿನನಿತ್ಯದ ಬಳಕೆ. ವಾರವಿಡೀ ಸಾಮಾನು ಹೊರುವ ಟ್ರಕ್‌ಗೂ ಟ್ರೈಲರ್ ಮೇಲೆ ಬರುವ ಟ್ರಕ್‌ಗೂ ಒಂದೇ ಉತ್ತರ ಹೊಂದುವುದಿಲ್ಲ.

ಟೇಲ್‌ಗೇಟ್ ಮೇಲೆ, ಬೆಡ್ ಖಾಲಿ

ಇದು ನಮ್ಮ ಹೋಲಿಕೆಯ ಆಧಾರ. ಖರ್ಚಿಲ್ಲ, ಹೆಚ್ಚುವರಿ ತೂಕವಿಲ್ಲ.

ಟೇಲ್‌ಗೇಟ್ ಗೋಡೆಯ ಹಾಗೆ ಕಾಣುತ್ತದೆ. ಗಾಳಿ ಬಂದು ನೇರ ಅದಕ್ಕೆ ಬಡಿದು ಟ್ರಕ್ಕನ್ನು ಹಿಂದಕ್ಕೆ ಎಳೆಯುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಗಾಳಿ ಕ್ಯಾಬ್‌ನ ಮೇಲಿಂದ ಹಾರಿ ಬರುತ್ತದೆ, ಕ್ಯಾಬ್ ಮುಗಿದ ಕೂಡಲೇ ಬೆಡ್ ಒಳಗೆ ಧುಮುಕುವುದಿಲ್ಲ. ಕ್ಯಾಬ್ ಮತ್ತು ಟೇಲ್‌ಗೇಟ್ ನಡುವಿನ ಗುಂಡಿಯಲ್ಲಿ ಗಾಳಿಯ ಒಂದು ಸುರುಳಿ ನಿಧಾನವಾಗಿ ತಿರುಗುತ್ತಾ ಅಲ್ಲೇ ನಿಲ್ಲುತ್ತದೆ. ಮೇಲಿನ ಗಾಳಿ ಈ ಸುರುಳಿಯ ಬೆನ್ನೇರಿ ಜಾರಿ ಹೋಗುತ್ತದೆ. ಟೇಲ್‌ಗೇಟ್ ಆ ಸುರುಳಿಯನ್ನು ಹಿಡಿದಿಡುವ ಕಟ್ಟೆ. ಸುರುಳಿ ಬೆಡ್‌ನ ತಳದಲ್ಲಿ ಮುಂದಕ್ಕೆ ತಿರುಗಿ ಕ್ಯಾಬ್‌ನ ಬೆನ್ನಿಗೆ ಒತ್ತುವುದರಿಂದ ಅಲ್ಲಿ ಒತ್ತಡ ತೀರಾ ಕುಸಿಯುವುದಿಲ್ಲ.

ಪಿಕಪ್ ಕಂಪನಿಗಳಿಗೆ ಇದು ಗೊತ್ತು. 2019ರ ರ್‍ಯಾಮ್ 1500ಗೆ ಕಂಪನಿ ಹೇಳಿಕೊಂಡ ಸಿಡಿ 0.357. ಆ ಟ್ರಕ್‌ನಲ್ಲಿ ಬೆಡ್‌ನ ಅಂಚುಗಳನ್ನು ಸುಮಾರು 38 ಮಿ.ಮೀ. ಎತ್ತರಿಸಿದರು. ಗಾಳಿ ಸಲೀಸಾಗಿ ಜಾರಲಿ ಎಂಬುದು ಅದರ ಒಂದು ಉದ್ದೇಶ. ಕಟ್ಟೆ ತಗ್ಗಿಸಲಿಲ್ಲ, ಎತ್ತರಿಸಿದರು, ಗಮನಿಸಿ.

ಟೇಲ್‌ಗೇಟ್ ಕೆಳಗೆ

ಇದನ್ನು ಬೇಗ ಮುಗಿಸುತ್ತೇನೆ. ಕಟ್ಟೆ ಒಡೆದರೆ ಸುರುಳಿ ಚೆದುರುತ್ತದೆ. ಗಾಳಿ ಬೆಡ್ ತಳಕ್ಕೆ ಇಳಿಯುತ್ತದೆ, ಕ್ಯಾಬ್‌ನ ಹಿಂದೆ ಒತ್ತಡ ಕುಸಿಯುತ್ತದೆ, ತಡೆ ಸಾಮಾನ್ಯವಾಗಿ ಸ್ವಲ್ಪ ಏರುತ್ತದೆ. ತೂಕ ಒಂದು ಗ್ರಾಂ ಕೂಡ ಇಳಿಯುವುದಿಲ್ಲ. ಸುಮ್ನೆ ನಷ್ಟ. ಯಾವ ಓಟಕ್ಕೂ, ಯಾವ ಬಜೆಟ್‌ಗೂ ಇದು ಬೇಡ.

ಟೇಲ್‌ಗೇಟ್ ಕಳಚಿಟ್ಟರೆ

ಅದನ್ನು ಕೆಳಗಿಳಿಸುವುದೂ ಪೂರ್ತಿ ಕಳಚುವುದೂ ಗಾಳಿಯ ಕಣ್ಣಿಗೆ ಹತ್ತಿರಹತ್ತಿರ ಒಂದೇ. ಆದರೆ ಓಟದಲ್ಲಿ ಅಜಗಜಾಂತರ. ಉಕ್ಕಿನ ಟೇಲ್‌ಗೇಟ್ 20ರಿಂದ 40 ಕೆಜಿ ತೂಗುತ್ತದೆ. 30 ಎಂದು ಇಟ್ಟುಕೊಂಡರೆ, ನಮ್ಮ ಅಳತೆಗೋಲಿನಲ್ಲಿ ಅದು ಶೇ 12ರಷ್ಟು ಗಾಳಿ ತಡೆಗೆ ಸಮ. ಕಳಚಿದ್ದರಿಂದ ತಡೆ ಶೇ 3–4 ಏರಿತು ಅನ್ನಿ. ಆಗಲೂ 20 ಕೆಜಿಯಷ್ಟು ಲಾಭ ಉಳಿಯುತ್ತದೆ. ಸಮಯದಲ್ಲಿ ಅದು ಸುಮಾರು 0.04 ಸೆಕೆಂಡ್.

ಅಂದರೆ "ಕಳಚಿದೆ, ಟೈಮ್ ಕಡಿಮೆಯಾಯ್ತು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅದು ತೂಕದ ಲಾಭ, ಗಾಳಿಯದಲ್ಲ.

ಇಲ್ಲೊಂದು ಅಡ್ಡಗಾಲು ಇದೆ. ಟೇಲ್‌ಗೇಟ್ ತೂಗುವುದು ಹಿಂದಿನ ಆಕ್ಸಲ್‌ನ ಆಚೆ, ಸನ್ನೆಗೋಲಿನ ತುದಿಯಲ್ಲಿ. ಆಕ್ಸಲ್‌ಗಿಂತ 1.1 ಮೀಟರ್ ಹಿಂದೆ ಇರುವ 30 ಕೆಜಿ, 3.2 ಮೀಟರ್ ವೀಲ್‌ಬೇಸ್‌ನ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ) ಟ್ರಕ್‌ನಲ್ಲಿ ಹಿಂದಿನ ಚಕ್ರಗಳ ಮೇಲೆ ಸುಮಾರು 40 ಕೆಜಿ ಭಾರ ಹಾಕುತ್ತದೆ. ಹಿಂಬದಿ ಚಕ್ರದ ಟ್ರಕ್, ಮಾಮೂಲಿ ರಸ್ತೆಯ ಟೈರ್, ಜೊತೆಗೆ ಬಲವಾದ ವಿ8 ಎಂಜಿನ್ ಇದ್ದರೆ ಈ 40 ಕೆಜಿ ನಿಮಗೆ ಬೇಕಾಗಿದ್ದ ಭಾರ. ಮೊದಲ 60 ಅಡಿಯಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದುಕೊಂಡರೆ ಕೊನೆಯಲ್ಲಿ ಅದು ಒಂದೂವರೆ ಪಟ್ಟಾಗಿ, ಕೆಲವೊಮ್ಮೆ ಎರಡು ಪಟ್ಟಾಗಿ ಕಾಣುತ್ತದೆ ಎಂಬುದು ರೇಸರ್‌ಗಳ ಅನುಭವದ ಮಾತು. ಉಳಿಸಿದ 0.04 ಸೆಕೆಂಡ್ ಅಲ್ಲೇ ಕರಗಿಹೋಗುತ್ತದೆ.

ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಟ್ರಕ್‌ಗೆ ಈ ಚಿಂತೆ ಅಷ್ಟಾಗಿ ಇಲ್ಲ. ನೆಲ ಬಿಗಿಯಾಗಿ ಹಿಡಿಯುವ ಒಳ್ಳೆಯ ಡ್ರ್ಯಾಗ್ ರೇಡಿಯಲ್ ಟೈರ್ ಹಾಕಿದ ಟ್ರಕ್‌ಗೂ ಇಲ್ಲ. ಅವರು ಧೈರ್ಯವಾಗಿ ಕಳಚಬಹುದು. ನೀವು ಓಡುವ ಕ್ಲಾಸ್ ಟೇಲ್‌ಗೇಟ್ ಇರಲೇಬೇಕು ಎನ್ನುತ್ತದೆಯೋ ಹೇಗೆ ಎಂದು ನಿಯಮ ನೋಡಿಕೊಳ್ಳಿ. 200 ಕಿ.ಮೀ. ದಾಟುವ ಟ್ರಕ್ ಆದರೆ ನಾನು ಕಳಚುವುದಿಲ್ಲ. ಆ ವೇಗದಲ್ಲಿ ಟೇಲ್‌ಗೇಟ್‌ನ ಮೇಲಂಚು ಚಿಕ್ಕ ಸ್ಪಾಯ್ಲರ್‌ನಂತೆ ಕೆಲಸ ಮಾಡುತ್ತದೆ. ಅದಿಲ್ಲದಿದ್ದರೆ ಮೊದಲೇ ಹಗುರವಾದ ಹಿಂಭಾಗ ಇನ್ನೂ ಹಗುರಾಗುತ್ತದೆ.

ಬಲೆಯ ಟೇಲ್‌ಗೇಟ್ ಹಾಕುವವರೂ ಇದ್ದಾರೆ. ಡ್ರ್ಯಾಗ್ ರೇಸ್ ಮಟ್ಟಿಗೆ ಅದನ್ನು ಕಳಚಿದ ಟೇಲ್‌ಗೇಟ್ ಎಂದೇ ಲೆಕ್ಕ ಹಾಕಿ. ಸಿಗುವುದು ತೂಕದ ಲಾಭ ಮಾತ್ರ.

ಟಾನೋ ಕವರ್‌ಗಳು

ನಿಜವಾದ ಇಕ್ಕಟ್ಟು ಇಲ್ಲಿದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಬೆಡ್ ಮುಚ್ಚಿದರೆ ಗಾಳಿಗೆ ಗುಂಡಿಯೇ ಇರುವುದಿಲ್ಲ. ಕ್ಯಾಬ್‌ನಿಂದ ಇಳಿದ ಗಾಳಿ ಕವರ್ ಮೇಲೆ ಜಾರಿ ಟೇಲ್‌ಗೇಟ್ ಅಂಚಿನಲ್ಲಿ ಬಿಟ್ಟು ಹೋಗುತ್ತದೆ. ತಡೆ ಇಳಿಯುವುದು ನಿಜ, ಆದರೆ ಸಾಮಾನ್ಯವಾಗಿ ಒಂದಂಕಿಯ ಶೇಕಡಾದಷ್ಟು. ಕ್ಯಾಬ್‌ನ ಆಕಾರ, ಬೆಡ್‌ನ ಉದ್ದದ ಮೇಲೆ ಅದು ಬದಲಾಗುತ್ತದೆ. ನಾನು ಶೇ 5 ಎಂದು ಇಟ್ಟುಕೊಂಡು ಹೋಲಿಸುತ್ತೇನೆ. ಕಾಲು ಮೈಲಿಯಲ್ಲಿ ಶೇ 5ರ ಬೆಲೆ 12–13 ಕೆಜಿ. ಅದಕ್ಕಿಂತ ಹಗುರವಾದ ಕವರ್ ನಿಮ್ಮ ಸಮಯ ಇಳಿಸುತ್ತದೆ, ಭಾರವಾದದ್ದು ಏರಿಸುತ್ತದೆ.

ಬಟ್ಟೆ ಅಥವಾ ವಿನೈಲ್‌ನ ಸುತ್ತಿಡುವ ಕವರ್ ಸುಮಾರು 15 ಕೆಜಿ. ಸಮಯದಲ್ಲಿ ಹೆಚ್ಚುಕಡಿಮೆ ಸಮಸಮ, ಟ್ರ್ಯಾಪ್ ಸ್ಪೀಡ್‌ನಲ್ಲಿ ಚಿಕ್ಕ ಲಾಭ. ಕವರ್‌ಗಳಲ್ಲಿ ಕಡಿಮೆ ಖರ್ಚಿನದೂ ಇದೇ. ಬೇಡವಾದಾಗ ಸುತ್ತಿ ಇಡಬಹುದು. ಆದರೆ ವೇಗ ಹೆಚ್ಚಿದಂತೆ ಮೇಲಿನ ಗಾಳಿಯ ಒತ್ತಡ ಕಡಿಮೆಯಾಗಿ ಬಟ್ಟೆ ಬಲೂನಿನಂತೆ ಉಬ್ಬುತ್ತದೆ, ಪಟಪಟ ಬಡಿಯುತ್ತದೆ. ಉಬ್ಬಿದ ಬಟ್ಟೆಯಿಂದ ಲಾಭವೂ ಕಡಿಮೆ. ಬಿಗಿಯಾಗಿ ಎಳೆದು ಕಟ್ಟುವಂಥದ್ದು, ನಡುವೆ ಅಡ್ಡ ಪಟ್ಟಿಗಳಿರುವಂಥದ್ದು ನೋಡಿ. ಬ್ರ್ಯಾಕೆಟ್ ರೇಸ್‌ನಲ್ಲಿ, ಅಂದರೆ ತಾವೇ ಮೊದಲು ಹೇಳಿದ ಸಮಯಕ್ಕೆ ಹತ್ತಿರ ಓಡಬೇಕಾದ ರೇಸ್‌ನಲ್ಲಿ, ಓಡುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಗೆಲ್ಲಿಸುವುದು ಪ್ರತಿ ಓಟವೂ ಒಂದೇ ಥರ ಬರುವುದು. ಒಂದೊಂದು ಸಲ ಒಂದೊಂದು ಥರ ಉಬ್ಬುವ ಬಟ್ಟೆ ಆ ನಂಬಿಕೆಯನ್ನೇ ಕೆಡಿಸುತ್ತದೆ.

1991ರ ಜಿಎಂಸಿ ಸೈಕ್ಲೋನ್ ಇಲ್ಲಿ ನೆನಪಾಗುತ್ತದೆ. 4.3 ಲೀಟರ್ ಟರ್ಬೊ ವಿ6, 280 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಶಕ್ತಿ. ಆ ಕಾಲದ ಹೆಸರಾಂತ ಸ್ಪೋರ್ಟ್ಸ್ ಕಾರುಗಳನ್ನೇ ನಾಚಿಸಿದ ಚಿಕ್ಕ ಪಿಕಪ್. ಅದಕ್ಕೆ ಕಂಪನಿಯಿಂದಲೇ ಬರುತ್ತಿದ್ದುದು ಬಟ್ಟೆಯಂಥ ಮೆತ್ತನೆಯ ಬೆಡ್ ಕವರ್. ಹೊರಬಲ್ಲ ಸಾಮಾನಿನ ತೂಕ ಬರೀ 227 ಕೆಜಿ. ಹೊರೆಗಾಗಿ ಅಲ್ಲ, ಓಟಕ್ಕಾಗಿಯೇ ಮಾಡಿದ ಟ್ರಕ್ ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ಮಡಚುವ ಗಟ್ಟಿ ಕವರ್ 25ರಿಂದ 35 ಕೆಜಿ. 30 ಕೆಜಿಗೆ ಸಮ ಮಾಡಲು ತಡೆ ಶೇ 12 ಇಳಿಯಬೇಕು. ಇಳಿಯುವುದಿಲ್ಲ. ಟ್ರ್ಯಾಪ್ ಸ್ಪೀಡ್ ಹಾಗೇ ಉಳಿಯುತ್ತದೆ, ಸಮಯ 0.03 ಸೆಕೆಂಡಿನಷ್ಟು ಹೆಚ್ಚುತ್ತದೆ. ಎಡಗೈಯಲ್ಲಿ ಕೊಟ್ಟು ಬಲಗೈಯಲ್ಲಿ ಕಿತ್ತುಕೊಂಡ ಹಾಗೆ. ಒಂದೇ ತುಂಡಿನ ಫೈಬರ್‌ಗ್ಲಾಸ್ ಮುಚ್ಚಳ 40–60 ಕೆಜಿ. ನೋಡಲು ಬಲು ಚೆಂದ, ಗಾಳಿಗೂ ನಯ. ಕಾಲು ಮೈಲಿಯ ಸಮಯಕ್ಕೆ ಮಾತ್ರ ನಷ್ಟ.

ಆದರೆ ಒಂದು ಸಂದರ್ಭದಲ್ಲಿ ಗಟ್ಟಿ ಕವರ್ ಪೂರ್ತಿ ಲಾಭ. ನಿಮ್ಮ ಹಿಂಬದಿ ಚಕ್ರದ ಟ್ರಕ್‌ಗೆ ಗ್ರಿಪ್ ಸಾಲದೆ ಬೆಡ್‌ನಲ್ಲಿ ತೂಕ ಕಟ್ಟುವ ಯೋಚನೆಯಲ್ಲಿ ಇದ್ದೀರಾ? ಹಾಗಿದ್ದರೆ ಆ 30 ಕೆಜಿಯನ್ನು ಕಬ್ಬಿಣದ ರೂಪದಲ್ಲಿ ಹಾಕುವ ಬದಲು ಕವರ್ ರೂಪದಲ್ಲಿ ಹಾಕಿ. ತೂಕ ಹೇಗೂ ಬೇಕಿತ್ತು, ಗಾಳಿಯ ಲಾಭ ಬಿಟ್ಟಿಯಾಗಿ ಬಂತು. ಎತ್ತರದಲ್ಲಿ ಕೂರುವುದರಿಂದ ಲಾಂಚ್ ಸಮಯದಲ್ಲಿ ಭಾರ ಹಿಂದಕ್ಕೆ ವಾಲುವುದಕ್ಕೂ ಸಹಾಯ. ಬೆಡ್‌ನಲ್ಲಿ ಮರಳಿನ ಚೀಲ ಎಸೆದುಕೊಂಡು ಮಾತ್ರ ಹೋಗಬೇಡಿ. ಭದ್ರವಾಗಿ ಬಿಗಿಯದ ತೂಕಕ್ಕೆ ಟ್ರ್ಯಾಕ್‌ನಲ್ಲಿ ಅವಕಾಶವಿಲ್ಲ, ಇರಲೂಬಾರದು.

ಶುದ್ಧ ಓಟದ ಟ್ರಕ್ ಆದರೆ ನನ್ನ ಆಯ್ಕೆ ಬೇರೆಯೇ. 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು, ಕೆಳಗೆ ತೆಳುವಾದ ಅಡ್ಡಪಟ್ಟಿಗಳು, ಅಂಚಿಗೆ ಬೋಲ್ಟ್. ಚಿಕ್ಕ ಬೆಡ್‌ನ 1.7 ಮೀಟರ್ ಉದ್ದ, 1.6 ಮೀಟರ್ ಅಗಲಕ್ಕೆ ತಗಡಿನ ತೂಕ 7.3 ಕೆಜಿ ಆಗುತ್ತದೆ. ಪಟ್ಟಿಗಳು ಸೇರಿ ಸುಮಾರು 10. ಇದು ಉಬ್ಬುವುದಿಲ್ಲ, ಬಡಿಯುವುದಿಲ್ಲ, ತಡೆ ಶೇ 4 ಇಳಿದರೆ ತನ್ನ ತೂಕದ ಸಾಲ ತೀರಿಸುತ್ತದೆ. ಲೋಹದ ಕೆಲಸ ಗೊತ್ತಿರುವವರಿಗೆ ಖರ್ಚೂ ಕಡಿಮೆ. ಸಾಮಾನು ಹಾಕಲು ಮಾತ್ರ ಆಗುವುದಿಲ್ಲ.

ಕ್ಯಾಂಪರ್ ಶೆಲ್

ಬೆಡ್ ಮೇಲೆ ಕ್ಯಾಬ್‌ನ ಎತ್ತರಕ್ಕೆ ಕೂರುವ ಡಬ್ಬಿ. 70ರಿಂದ 100 ಕೆಜಿ. ಕಾಲು ಮೈಲಿಯಲ್ಲಿ ಇದು ತನ್ನ ತೂಕದ ಸಾಲ ತೀರಿಸಬೇಕಾದರೆ ತಡೆ ಶೇ 28ರಿಂದ 40 ಇಳಿಯಬೇಕು. ಮಾಮೂಲಿ ಪೆಟ್ಟಿಗೆಯಾಕಾರದ ಶೆಲ್‌ಗೆ ಅದು ಕನಸಿನ ಮಾತು. ಹಿಂದಕ್ಕೆ ಇಳಿಜಾರಾಗಿ ಮಾಡಿದ ಶೆಲ್ ತಡೆಯನ್ನು ಚೆನ್ನಾಗಿ ಇಳಿಸಬಲ್ಲದು, ಆದರೆ ಅದು ಉದ್ದನೆಯ ಓಟದವರ ಆಟಿಕೆ. ಡ್ರ್ಯಾಗ್ ಸ್ಟ್ರಿಪ್‌ಗೆ ಹೋಗುವ ದಿನ ಕಳಚಿಟ್ಟು ಹೋಗಿ, ಅಷ್ಟೇ.

ಮುಂಭಾಗ: ಎಲ್ಲರೂ ಮರೆಯುವ ಜಾಗ

ಪಿಕಪ್ ಅಂದ ಕೂಡಲೇ ಎಲ್ಲರ ಕಣ್ಣೂ ಹಿಂದಿನ ಬೆಡ್ ಮೇಲೆ. ಆದರೆ ಕೆಜಿಗೆ ಇಷ್ಟು ಎಂದು ಲೆಕ್ಕ ಹಾಕಿದರೆ ಹೆಚ್ಚು ಕೊಡುವುದು ಟ್ರಕ್‌ನ ಮುಂಭಾಗ ಮತ್ತು ಕೆಳಭಾಗ. ಪಿಕಪ್‌ನ ಹೊಟ್ಟೆ ಎತ್ತರದಲ್ಲಿದೆ. ಅಲ್ಲಿ ಆಕ್ಸಲ್, ಚಾಸಿ, ಎಕ್ಸಾಸ್ಟ್, ಎಲ್ಲವೂ ಗಾಳಿಗೆ ಅಡ್ಡ. ಆ ಗಾಳಿ ಕೆಳಗೆ ನುಗ್ಗದ ಹಾಗೆ ಮುಂದೆಯೇ ತಡೆದರೆ ಹೆಚ್ಚಿನ ಕೆಲಸ ಮುಗಿಯಿತು.

ಬಂಪರ್ ಕೆಳಗೆ ಪ್ಲಾಸ್ಟಿಕ್ ಹಾಳೆಯ ಏರ್ ಡ್ಯಾಮ್ ಹಾಕಿದರೆ ತೂಕ 2–4 ಕೆಜಿ. ತಡೆ ಶೇ 1.5 ಇಳಿದರೂ ಸಾಕು, ಅದರ ತೂಕದ ಸಾಲ ತೀರಿತು. ಎಂಟನೇ ಒಂದು ಮೈಲಿಯಲ್ಲಿ ಓಡುವವರಿಗೂ ಅರ್ಥವಿರುವ ಬದಲಾವಣೆ ಇದು. ಮುಂಭಾಗ ಮೇಲೇಳುವುದೂ ಕಡಿಮೆಯಾಗುತ್ತದೆ. ರೇಡಿಯೇಟರ್ ಹಿಂದಿನ ಒತ್ತಡ ಇಳಿದು ಗಾಳಿ ಅದರೊಳಗೆ ಚೆನ್ನಾಗಿ ಹರಿಯಲೂಬಹುದು.

ಆದರೆ ಅತಿ ಮಾಡಬೇಡಿ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮದ ಪ್ರಕಾರ ವಾಹನದ ಮುಂತುದಿಯಿಂದ ಮುಂದಿನ ಆಕ್ಸಲ್‌ನ 12 ಇಂಚು ಹಿಂದಿನವರೆಗೆ ನೆಲದಿಂದ ಕನಿಷ್ಠ 3 ಇಂಚು, ಅಂದರೆ 76 ಮಿ.ಮೀ. ಎತ್ತರ ಇರಬೇಕು. ಡ್ಯಾಮ್ ತೀರಾ ಕೆಳಗಿದ್ದರೆ ಸ್ಟೇಜಿಂಗ್ ಕಿರಣಕ್ಕೆ, ಅಂದರೆ ಆರಂಭದ ಗೆರೆಯಲ್ಲಿ ಟೈರ್ ಎಲ್ಲಿದೆ ಎಂದು ಗುರುತಿಸುವ ಬೆಳಕಿನ ಕಿರಣಕ್ಕೆ, ಟೈರ್ ಬದಲು ಅದೇ ಅಡ್ಡ ಬರುವ ಅಪಾಯವೂ ಇದೆ. ಆಗ ನಿಮ್ಮ ಸ್ಟಾರ್ಟ್ ಲೆಕ್ಕವೆಲ್ಲ ತಲೆಕೆಳಗು.

ಟ್ರಕ್ ತಗ್ಗಿಸುವುದು ಇನ್ನೊಂದು ದಾರಿ. ತೂಕ ಸೇರುವುದಿಲ್ಲ, ಗಾಳಿಗೆ ತೆರೆದ ಟೈರ್ ಭಾಗ ಕಡಿಮೆಯಾಗುತ್ತದೆ, ಹೊಟ್ಟೆಯಡಿ ನುಗ್ಗುವ ಗಾಳಿಯೂ ಕಡಿಮೆ. ಆದರೆ ಹಿಂಬದಿ ಚಕ್ರದ ಟ್ರಕ್‌ಗೆ ಲಾಂಚ್‌ನಲ್ಲಿ ಮೂತಿ ಎದ್ದು ಭಾರ ಹಿಂದಕ್ಕೆ ಹೋಗುವುದು ಬೇಕು. ತೀರಾ ತಗ್ಗಿಸಿ, ಸ್ಪ್ರಿಂಗ್ ಗಟ್ಟಿ ಮಾಡಿದರೆ ಅದು ಆಗುವುದಿಲ್ಲ. ನನ್ನ ಮಟ್ಟಿಗೆ ಮಿತವಾಗಿ ತಗ್ಗಿಸುವುದು ಸರಿ, ಅದೂ ಮುಂದೆ ಸ್ವಲ್ಪ ಹೆಚ್ಚು, ಹಿಂದೆ ಕಡಿಮೆ. ಎತ್ತರಿಸಿ ದೊಡ್ಡ ಟೈರ್ ಹಾಕಿದ ಟ್ರಕ್ ಇದ್ದರೆ ಕವರ್ ಚಿಂತೆ ಬಿಡಿ. ಆ ಎತ್ತರ ಮತ್ತು ಆ ಟೈರ್‌ಗಳೇ ನಿಮ್ಮ ದೊಡ್ಡ ನಷ್ಟ.

ಇನ್ನು ಪೂರ್ತಿ ಬಿಟ್ಟಿ ಲಾಭಗಳು. ಛಾವಣಿಯ ರ್‍ಯಾಕ್, ಲೈಟ್ ಬಾರ್, ಬೆಡ್ ರ್‍ಯಾಕ್, ಮಡ್‌ಫ್ಲಾಪ್, ಮುಂಗಾಜಿನ ಮೇಲಿನ ವೈಸರ್. ಇವನ್ನು ತೆಗೆದರೆ ಗಾಳಿಯೂ ಇಳಿಯುತ್ತದೆ, ತೂಕವೂ ಇಳಿಯುತ್ತದೆ. ಎರಡೂ ಒಂದೇ ದಿಕ್ಕಿಗೆ ಕೆಲಸ ಮಾಡುವ ಬದಲಾವಣೆ ಇವು. ಕಿಟಕಿ ಗಾಜು ಪೂರ್ತಿ ಮೇಲಿರಲಿ. ಒಂದು ಪೈಸೆ ಖರ್ಚು ಮಾಡುವ ಮೊದಲು ಇಷ್ಟು ಮಾಡಿ ಮುಗಿಸಿ.

ತುಂಬ ವೇಗದ ಟ್ರಕ್‌ಗಳು

2004ರಲ್ಲಿ ಡಾಡ್ಜ್ ರ್‍ಯಾಮ್ ಎಸ್‌ಆರ್‌ಟಿ-10 ಗಂಟೆಗೆ 154.587 ಮೈಲಿ, ಅಂದರೆ 248.8 ಕಿ.ಮೀ. ವೇಗ ಮುಟ್ಟಿ ಉತ್ಪಾದನಾ ಪಿಕಪ್‌ಗಳ ದಾಖಲೆ ಬರೆಯಿತು. ವೈಪರ್ ಕಾರಿನ 8.3 ಲೀಟರ್ ವಿ10 ಎಂಜಿನ್, 500 ಅಶ್ವಶಕ್ತಿ. ಬೆಡ್‌ನ ಹಿಂತುದಿಯಲ್ಲಿ ಒಂದು ರೆಕ್ಕೆ. ಆ ವೇಗದಲ್ಲಿ ಹಿಂಭಾಗವನ್ನು ನೆಲಕ್ಕೆ ಒತ್ತುವುದು ಸಮಯಕ್ಕಿಂತ ದೊಡ್ಡ ವಿಷಯ.

ಎನ್‌ಎಚ್‌ಆರ್‌ಎ ನಿಯಮದಲ್ಲಿ 150 ಮೈಲಿ, ಅಂದರೆ 241 ಕಿ.ಮೀ. ವೇಗ ಮುಟ್ಟುವ ವಾಹನಕ್ಕೆ ಪ್ಯಾರಾಚೂಟ್ ಕಡ್ಡಾಯ. ಅಲ್ಲಿಗೆ ತಲುಪಿದವರು ಕವರ್, ಟೇಲ್‌ಗೇಟ್, ಪ್ಯಾರಾಚೂಟ್ ಕಟ್ಟುವ ಜಾಗ, ಎಲ್ಲವನ್ನೂ ಒಟ್ಟಿಗೆ ಯೋಚಿಸಬೇಕು. ಆ ಮಟ್ಟದಲ್ಲಿ ಬೆಡ್ ತೆರೆದಿಟ್ಟು ಓಡುವುದು ನನಗೆ ಒಪ್ಪಿಗೆಯಿಲ್ಲ. 10 ಕೆಜಿಯ ತಗಡಿನ ಕವರ್, ಟೇಲ್‌ಗೇಟ್ ಮೇಲೆ, ಮುಂದೆ ಡ್ಯಾಮ್. ಇದರಲ್ಲಿ ರಾಜಿ ಬೇಡ. ರೆಕ್ಕೆಯಿಂದ ತಡೆ ಸ್ವಲ್ಪ ಏರಿದರೆ ಏರಲಿ.

ಯಾರಿಗೆ ಯಾವುದು

ಎಂಟನೇ ಒಂದು ಮೈಲಿ ಮಾತ್ರ ಓಡುತ್ತೀರಾ? ಬೆಡ್ ಕವರ್ ಮರೆತುಬಿಡಿ. ಬಿಟ್ಟಿ ಲಾಭಗಳು, ಏರ್ ಡ್ಯಾಮ್, ಉಳಿದ ದುಡ್ಡೆಲ್ಲ ಟೈರ್‌ಗೆ.

ವಾರವಿಡೀ ಕೆಲಸ, ತಿಂಗಳಿಗೊಮ್ಮೆ ಕಾಲು ಮೈಲಿ, ಹಿಂಬದಿ ಚಕ್ರ. ಇಂಥವರು ಟೇಲ್‌ಗೇಟ್ ಮೇಲಿಟ್ಟು, ಖಾಲಿ ಬೆಡ್‌ನಲ್ಲೇ ಓಡಿ. ಸಾಮಾನು ನೆನೆಯದಿರಲಿ ಎಂದು ಹೇಗೂ ಕವರ್ ಬೇಕಿದ್ದರೆ ಸುತ್ತಿಡುವಂಥದ್ದು ತಗೊಳ್ಳಿ. ರೇಸ್‌ಗಾಗಿಯೇ ತಗೊಳ್ಳುವ ಅಗತ್ಯವಿಲ್ಲ.

ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಭಾರದ ಟರ್ಬೊ ಡೀಸೆಲ್ ಟ್ರಕ್, 13–14 ಸೆಕೆಂಡ್: ಟೇಲ್‌ಗೇಟ್ ಕಳಚಿ. ಸ್ಪೇರ್ ಟೈರ್, ಜ್ಯಾಕ್ ಕೂಡ ಇಳಿಸಿ.

11 ಸೆಕೆಂಡ್ ಸುತ್ತಮುತ್ತ, 190 ಕಿ.ಮೀ. ದಾಟುವ ಟ್ರಕ್‌ಗೆ ಹಗುರವಾದ ತಗಡಿನ ಕವರ್, ಡ್ಯಾಮ್, ಮಿತವಾದ ತಗ್ಗಿಸುವಿಕೆ. ಅರ್ಧ ಮೈಲಿ ಅಥವಾ ಒಂದು ಮೈಲಿಯ ಓಟಕ್ಕೆ ಹೋಗುವವರಿಗೆ ಮಾತ್ರ ಗಟ್ಟಿ ಕವರ್ ಕೂಡ ಹೊಂದುತ್ತದೆ. ಅಲ್ಲಿ 30 ಕೆಜಿಯ ಸಾಲ ತೀರಿಸಲು ಶೇ 6 ಅಥವಾ ಶೇ 3 ಇಳಿದರೆ ಸಾಕು.

ನಿಮ್ಮ ಟ್ರಕ್‌ನಲ್ಲೇ ಪರೀಕ್ಷಿಸಿ

ನನ್ನ ಅಳತೆಗೋಲು ಒಂದು ಅಂದಾಜು. ನಿಮ್ಮ ಟ್ರಕ್‌ನ ನಿಜ ಓಟ ಮುಗಿದ ಮೇಲೆ ಟ್ರ್ಯಾಕ್‌ನಲ್ಲಿ ಕೊಡುವ ನಿಮ್ಮ ಟೈಮ್ ಸ್ಲಿಪ್‌ನಲ್ಲೇ ಇದೆ. ಕವರ್ ಇಲ್ಲದೆ ಮೂರು ಓಟ, ಕವರ್ ಹಾಕಿ ಮೂರು, ಮತ್ತೆ ತೆಗೆದು ಮೂರು. ಕೊನೆಯ ಮೂರು ಯಾಕೆ ಅಂದರೆ ಅಷ್ಟರಲ್ಲಿ ಹವೆ ಬದಲಾಗಿರುತ್ತದೆ, ಟ್ರ್ಯಾಕ್ ಬದಲಾಗಿರುತ್ತದೆ. ಗಾಳಿ ಬೀಸುವ ದಿನ ಪರೀಕ್ಷೆ ಬೇಡವೇ ಬೇಡ. 160 ಕಿ.ಮೀ. ವೇಗದಲ್ಲಿ ಎದುರಿನಿಂದ 20 ಕಿ.ಮೀ. ಗಾಳಿ ಬೀಸಿದರೆ ತಡೆ ಶೇ 27 ಏರುತ್ತದೆ. ಯಾವ ಕವರ್ ಕೂಡ ಅಷ್ಟು ಇಳಿಸುವುದಿಲ್ಲ.

ಸ್ಲಿಪ್ ಓದುವಾಗ ಒಟ್ಟು ಸಮಯವನ್ನಷ್ಟೇ ನೋಡಬೇಡಿ. 60 ಅಡಿಯ ಅಂಕಿ ಗ್ರಿಪ್ ಮತ್ತು ತೂಕದ ಕಥೆ ಹೇಳುತ್ತದೆ. ಒಟ್ಟು ಸಮಯದಿಂದ ಎಂಟನೇ ಒಂದು ಮೈಲಿಯ ಸಮಯ ಕಳೆಯಿರಿ. ಉಳಿದದ್ದು ಎರಡನೇ ಅರ್ಧ, ಗಾಳಿಯ ಕಥೆ ಅಲ್ಲಿದೆ. ಎರಡನೇ ಅರ್ಧ ಇಳಿದು ಮೊದಲ ಅರ್ಧ ಏರಿದ್ದರೆ ಕವರ್ ತನ್ನ ಕೆಲಸ ಮಾಡಿದೆ, ಅದರ ತೂಕ ಅಡ್ಡ ಬಂದಿದೆ. ಇನ್ನೂ ಹಗುರವಾದದ್ದು ಹುಡುಕಿ. 60 ಅಡಿಯ ಸಮಯವೇ ಇಳಿದಿದ್ದರೆ ನಿಮ್ಮ ಟ್ರಕ್‌ಗೆ ಹಿಂದೆ ಭಾರ ಬೇಕಿತ್ತು, ಆ ಕವರ್ ಅಲ್ಲೇ ಇರಲಿ. ಎರಡೂ ಕಡೆ ಏನೂ ಬದಲಾಗದಿದ್ದರೆ ಕವರ್ ಕಳಚಿ ಮಾರಿ, ಬಂದ ದುಡ್ಡಿಗೆ ಒಳ್ಳೆಯ ಟೈರ್ ತಗೊಳ್ಳಿ.